ಸಿಲೋನಿನ ಘಾಟಿಯಲ್ಲಿ ಬಿಟ್ಟುಬಂದವರು

ಸಿಲೋನಿಗೆ ಹೋಗಿ ಸೈಕಲ್ ಪಂದ್ಯದಲ್ಲಿ ಕಪ್ಪು ಗೆದ್ದು ಬಂದವನು ಎಂದು ಶಿಕಾರಿಪುರದ ಹಳಬರು ಇವತ್ತಿಗೂ ನನ್ನನ್ನು ತೋರಿಸುತ್ತಾರೆ. ಆ ಪ್ರವಾಸದ ಕಥೆಯನ್ನು ಮದುವೆ ಮನೆಗಳಲ್ಲಿ, ಹೈಸ್ಕೂಲಿನ ಆಟದ ದಿನಗಳಲ್ಲಿ, ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದ್ದರಲ್ಲಿ ಸಮುದ್ರ ನಿಜ, ಚಹಾ ತೋಟ ನಿಜ, ಚಳಿಯೂ ನಿಜ. ಒಂದು ಮಾತು ಮಾತ್ರ ಸುಳ್ಳು, ಮತ್ತು ಆ ಸುಳ್ಳಿನ ಭಾರ ಹೊತ್ತವನು ನಾನಲ್ಲ. ಈಗ ಅದೇ ಪ್ರವಾಸವನ್ನು ಇನ್ನೊಮ್ಮೆ, ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮಂಡಪಂ

ನಾವು ಹೋದದ್ದು ಐವತ್ತರ ದಶಕದ ಕೊನೆಯಲ್ಲಿ, ಆ ದ್ವೀಪದಲ್ಲಿ ದೊಡ್ಡ ಗಲಭೆಯಾಗುವುದಕ್ಕೆ ಒಂದು ವರ್ಷ ಮುಂಚೆ. ಜಿಲ್ಲೆಯ ಸೈಕಲ್ ಸಂಘಕ್ಕೆ ಅಲ್ಲಿಂದ ಆಹ್ವಾನ ಬಂದಿತ್ತು. ಸವಾರರು ಮೂವರು: ನಾನು, ಸೊರಬದ ಕೆರಿಯಪ್ಪ, ಭದ್ರಾವತಿಯ ಒಬ್ಬ ಹುಡುಗ. ನಮ್ಮನ್ನು ನೋಡಿಕೊಳ್ಳಲು ಶಿವಮೊಗ್ಗದ ಡ್ರಿಲ್ ಮಾಸ್ತರು ರಂಗರಾಯರು.

ಸಿಲೋನಿಗೆ ಹಡಗು ಹತ್ತುವವರು ಮೊದಲು ತಮಿಳು ಕರಾವಳಿಯ ಮಂಡಪಂನಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಿತ್ತು. ಅದರ ಜ್ವರಕ್ಕೆ ಭದ್ರಾವತಿಯವನು ಏಳಲಾರದೆ ಮಲಗಿದ. ಅವನನ್ನು ವಾಪಸು ಕಳಿಸಿ ನಾವು ಇಬ್ಬರೇ ಸವಾರರಾಗಿ ಉಳಿದೆವು. ಬೇರೆ ತಂಡಗಳಲ್ಲಿ ಐದೈದು ಜನ.

ಕೆರಿಯಪ್ಪ ಅಂಚೆ ಇಲಾಖೆಯ ಪೇದೆ. ದಿನಾ ಸೊರಬದಿಂದ ಚಂದ್ರಗುತ್ತಿಗೆ ಟಪಾಲು ಚೀಲವನ್ನು ಸೈಕಲ್ಲಿನಲ್ಲಿ ಒಯ್ಯುತ್ತಿದ್ದ. ಚಂದ್ರಗುತ್ತಿಯ ಏರಿನಲ್ಲಿ ಉಳಿದವರು ಇಳಿದು ತಳ್ಳುವ ಕಡೆ ಅವನು ಕೂತೇ ತುಳಿಯುತ್ತಿದ್ದ. ನನಗಿಂತ ನಾಲ್ಕು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಿದ್ದ. ನಾನು ಅಂಗಡಿಕಾರರ ಮನೆಯವನು, ಎಸ್ಸೆಸ್ಸೆಲ್ಸಿ ಪಾಸಾದವನು, ಇಂಗ್ಲಿಷ್ ಬಲ್ಲವನು. ಶಿಕಾರಿಪುರದಿಂದ ಶಿರಾಳಕೊಪ್ಪದವರೆಗಿನ ಸಮನಾದ ರಸ್ತೆಯಲ್ಲಿ ಕೊನೆಯ ಇನ್ನೂರು ಗಜ ನನ್ನನ್ನು ಹಿಂದೆ ಹಾಕಿದವರು ಆಗ ಯಾರೂ ಇರಲಿಲ್ಲ.

ಇಂಥವರನ್ನು ಸ್ಪ್ರಿಂಟರ್ ಎನ್ನುತ್ತಾರೆ. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ, ಹೋರಿ ಹಬ್ಬದಲ್ಲಿ ಜನರ ಮಧ್ಯೆ ಬಾಣದ ಹಾಗೆ ನುಗ್ಗುವ ಹೋರಿ. ನೋಡುವುದಕ್ಕೆ ಚೆಂದ, ಮೈತುಂಬ ಮಾಂಸ. ಆದರೆ ಅದನ್ನು ಗಾಡಿಗೆ ಹೂಡಿ ಘಾಟಿ ಹತ್ತಿಸಲು ಹೋದರೆ ಅರ್ಧ ದಾರಿಯಲ್ಲಿ ಮಂಡಿಯೂರುತ್ತದೆ. ಕೆರಿಯಪ್ಪ ಗಾಡಿ ಎತ್ತು, ಸಣಕಲು ಮೈಯ, ನಿಲ್ಲದ ಎತ್ತು.

ಕೊಲಂಬೊ

ಹಡಗು ಇಳಿದ ತಲೈಮನ್ನಾರಿನಲ್ಲಿ ಸುಂಕದ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಅವ್ವ ಕಟ್ಟಿಕೊಟ್ಟಿದ್ದ ಕಟಿ ಜೋಳದ ರೊಟ್ಟಿಯ ಅಟ್ಟಿ ಇತ್ತು. ಒಂದನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡಿದ, ಮೂಸಿದ, ಬೆಳಕಿಗೆ ಹಿಡಿದ. ಚರ್ಮವೋ ರಟ್ಟೋ ಎಂದು ಅವನಿಗೆ ಬಗೆಹರಿಯಲಿಲ್ಲ. ಕೆರಿಯಪ್ಪ ಒಂದು ತುಂಡು ಮುರಿದು ಕಟಕಟ ಅಗಿದು ತೋರಿಸಿದ ಮೇಲೆ ನಮ್ಮನ್ನು ಬಿಟ್ಟ.

ಆ ರೊಟ್ಟಿ ಮುಗಿದ ಮೇಲೆ ನನಗೆ ಊಟದ ಕಷ್ಟ ಶುರುವಾಯಿತು. ಅಲ್ಲಿಯ ಚಟ್ನಿ, ಪಲ್ಯ, ಬೇಳೆ, ಎಲ್ಲದರಲ್ಲೂ ಒಣ ಮೀನಿನ ಪುಡಿ ಉದುರಿಸುತ್ತಾರೆ. ನೋಡಿದರೆ ತೆಂಗಿನ ತುರಿಯ ಹಾಗೆ ಇರುತ್ತದೆ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಕೆರಿಯಪ್ಪನಿಗೆ ಮೀನು ನಿಷಿದ್ಧವಲ್ಲ. ಹಾಗಾಗಿ ಊಟಕ್ಕೆ ಕೂತಾಗಲೆಲ್ಲ ನನ್ನ ತಟ್ಟೆಯಿಂದ ಒಂದೊಂದು ಚಿಟಿಕೆ ತೆಗೆದು ಅವನು ಮೊದಲು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಇದು ಬ್ಯಾಡ ಅಣ್ಣ. ಇದೂ ಬ್ಯಾಡ. ಇದು ತಿನ್ನಿ, ಬರೀ ಕಾಯಿ."

"ಸರಿಯಾಗಿ ನೋಡಿದಿ ಏನಪ?"

"ಮೀನು ತಿನ್ನೋನಿಗೆ ಮೀನಿನ ಗುರ್ತು ಸಿಗದಿಲ್ವ? ನಿಮ್ಮ ಮಠದ ಸ್ವಾಮಿಗಳನ್ನ ಕರ್ಕಂಡು ಬಂದಿದ್ರೆ ಅವರಿಗೇನು ಗೊತ್ತಾಗದು?"

ಮಾಸ್ತರು ನಕ್ಕರು. ನಾನೂ ನಕ್ಕೆ. ಅವನು ಮುಟ್ಟಿದ ತಟ್ಟೆಯಲ್ಲಿ ಉಂಡದ್ದನ್ನು ಮನೆಯಲ್ಲಿ ಹೇಳಬೇಡವೆಂದು ಆಮೇಲೆ ಮಾಸ್ತರನ್ನು ಬೇರೆ ಕರೆದು ಕೇಳಿಕೊಂಡೆ. ಇದನ್ನೂ ಈಗಲೇ ಬರೆದುಬಿಡುತ್ತೇನೆ.

ಪಂದ್ಯ ಮೂರು ದಿನದ್ದು. ಮೊದಲ ದಿನ ಕೊಲಂಬೊದಿಂದ ಕ್ಯಾಂಡಿ. ಎರಡನೆಯ ದಿನ ಕ್ಯಾಂಡಿಯಿಂದ ರಂಬೊಡ ಘಾಟಿ ಹತ್ತಿ ನುವರ ಎಲಿಯ. ಮೂರನೆಯ ದಿನ ಅಲ್ಲಿಂದ ಇಳಿದು ಮತ್ತೆ ಕೊಲಂಬೊ. ಪ್ರತಿ ದಿನವೂ ಮೊದಲು ಬಂದವನಿಗೆ ಒಂದೊಂದು ಕಪ್ಪು. ಕೊನೆಯ ದಿನ ಮುಗಿಯುವುದು ಕಡಲ ದಂಡೆಯ ಸಮನಾದ ರಸ್ತೆಯಲ್ಲಿ. ಮಾಸ್ತರರ ಕಣ್ಣು ಆ ಕಪ್ಪಿನ ಮೇಲಿತ್ತು. ಅದನ್ನು ನಾನು ಗೆಲ್ಲಬೇಕಾದರೆ ಎರಡನೆಯ ದಿನದ ಘಾಟಿ ದಾಟಿ ಪಂದ್ಯದಲ್ಲಿ ಉಳಿದಿರಬೇಕು. ಏಕೆಂದರೆ ಅಲ್ಲೊಂದು ಗಡುವು ಇರುತ್ತದೆ. ಮೊದಲು ಬಂದವನಿಗೆ ನೂರು ನಿಮಿಷ ಹಿಡಿದರೆ ಉಳಿದವರು ನೂರಾ ಹದಿನೈದರ ಒಳಗೆ ಬರಬೇಕು. ತಡವಾದವನ ಹೆಸರು ಹೊಡೆದುಹಾಕುತ್ತಾರೆ. ಅವನು ಮಾರನೆಯ ದಿನ ಲಾರಿಯಲ್ಲಿ ಕೂತು ಬರಬೇಕು.

ಕ್ಯಾಂಡಿ

ಮೊದಲ ದಿನ ಕ್ಯಾಂಡಿಯ ಏರಿನಲ್ಲಿ ಕೆರಿಯಪ್ಪ ಮುಂದಿನವರ ಜೊತೆ ಹೋಗಿ ಐದನೆಯವನಾಗಿ ಬಂದ. ಅಂಚೆ ಇಲಾಖೆಯ ಖಾಕಿ ಚಡ್ಡಿ ಹಾಕಿಕೊಂಡು ಬಂದವನನ್ನು ನೋಡಿ ಜನ ಬೆರಗಾದರು. ಚಹಾ ತೋಟದ ಒಬ್ಬ ಬಿಳಿ ದೊರೆ ಅವನ ಸೈಕಲ್ಲನ್ನು ಎತ್ತಿ ತೂಕ ನೋಡಿ ಪಕ್ಕದವನಿಗೆ ಏನೋ ಹೇಳಿದ. ನಾನು ನಲವತ್ತರ ಆಚೆ ಎಲ್ಲೋ ಬಂದೆ.

ಸಂಜೆ ಕೆರೆಯ ಕಟ್ಟೆಯ ಮೇಲೆ ಮಾಸ್ತರು ಅವನನ್ನು ಕೂರಿಸಿಕೊಂಡು, ನನ್ನ ಕಡೆ ಕೈ ತೋರಿಸುತ್ತ ಹೇಳಿದರು.

"ನೋಡು ಕೆರಿಯಪ್ಪ, ನಾಳೆ ನೀನು ಮುಂದೆ ಹೋಗೋ ಹಾಗಿಲ್ಲ. ವೀರಭದ್ರಪ್ಪನ ಜೊತೆಗಿದ್ದು ಅವನನ್ನ ಗಡುವಿನೊಳಗೆ ಮೇಲಕ್ಕೆ ತರಬೇಕು. ಅವನು ಉಳಿದರೆ ನಮಗೆ ಕೊನೇ ದಿನದ ಕಪ್ಪು."

ಕೆರಿಯಪ್ಪ ನೀರಿನ ಕಡೆ ನೋಡುತ್ತ, "ಆತು ಸಾರ್" ಎಂದ. ಆಮೇಲೆ, "ನಾಳೆ ಇನ್ನೊಂದು ಚೂರು ಮುಂದೆ ಹೋಗಬೋದಿತ್ತು ಅನ್ನಿಸ್ತಿತ್ತು" ಎಂದ. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಅಲ್ಲೇ ನಮಗೆ ಪಿಯದಾಸನ ಪರಿಚಯವಾದದ್ದು. ಕೊಲಂಬೊದ ತಂತಿ ಕಚೇರಿಯವನು, ಆ ದ್ವೀಪದಲ್ಲೇ ಹೆಸರಾದ ಸ್ಪ್ರಿಂಟರ್, ನನ್ನ ಹಾಗೇ ತೊಡೆ ದಪ್ಪದವನು. ಆ ಊರಿನವರು ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಕಚ್ಚುತ್ತ ಕುಡಿಯುತ್ತಾರೆ. ಪಿಯದಾಸ ಹಾಗೆ ಕುಡಿಯುತ್ತ ಘಾಟಿಯ ಪದ್ಧತಿಯನ್ನು ನನಗೆ ಇಂಗ್ಲಿಷಿನಲ್ಲಿ ವಿವರಿಸಿದ.

ಘಾಟಿ ಬಂದಾಗ ಸ್ಪ್ರಿಂಟರುಗಳು ಪರಸ್ಪರ ಪೈಪೋಟಿ ಮಾಡುವುದಿಲ್ಲ. ಎಲ್ಲ ತಂಡದ ನಿಧಾನದವರೂ ಒಟ್ಟಾಗಿ ಒಂದು ಗುಂಪು ಕಟ್ಟಿಕೊಂಡು, ಸರದಿಯ ಮೇಲೆ ಮುಂದೆ ತುಳಿಯುತ್ತ ಹತ್ತುತ್ತಾರೆ. ಅದಕ್ಕೆ ಬಸ್ಸು ಎನ್ನುತ್ತಾರೆ. ಬಸ್ಸಿನಲ್ಲಿ ಒಬ್ಬನಿಗೆ ಪಂಕ್ಚರಾದರೆ ಎಲ್ಲರೂ ನಿಲ್ಲಬೇಕು. ಇಡೀ ಬಸ್ಸು ಒಟ್ಟಿಗೆ ಸ್ವಲ್ಪ ತಡವಾಗಿ ಬಂದರೆ, ದಾರಿಯಲ್ಲಿ ಏನೋ ಆಗಿರಬೇಕೆಂದು ತೀರ್ಪುಗಾರರು ಮನ್ನಿಸುತ್ತಾರೆ. ಬಸ್ಸಿನ ಹಿಂದೆ ತೀರ್ಪುಗಾರರ ಮೋಟಾರು ಬರುವುದಿಲ್ಲವಾದ್ದರಿಂದ ಸವಾರರ ಮಾತನ್ನೇ ನಂಬುತ್ತಾರೆ.

"ಆದರೆ ಒಬ್ಬನು ಬಸ್ಸು ಬಿಟ್ಟು ಮುಂದೆ ಓಡಿದರೆ ಉಳಿದವರೆಲ್ಲ ಸತ್ತ ಹಾಗೆ" ಎಂದು ಅವನು ಬೆಲ್ಲದ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡ.

ಈ ಪದ್ಧತಿ ನನಗೆ ಸರಿಯಾಗಿ ತಿಳಿದಿರಲಿಲ್ಲ ಎಂದು ಮುಂದೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ತಿಳಿದಿತ್ತು. ಅವತ್ತೇ ಕೆರಿಯಪ್ಪನಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವನು ನಾನೇ.

ರಂಬೊಡ ಘಾಟಿ

ನಮ್ಮ ಆಗುಂಬೆ ಘಾಟಿ ಏಳೆಂಟು ಮೈಲಿಯೊಳಗೆ ಮುಗಿದುಹೋಗುತ್ತದೆ. ರಂಬೊಡ ಘಾಟಿ ಮುಗಿಯುವುದೇ ಇಲ್ಲ. ಒಂದು ತಿರುವಿನಲ್ಲಿ ಜಲಪಾತ ನಮ್ಮ ತಲೆಯ ಮೇಲಿರುತ್ತದೆ, ಅರ್ಧ ಗಂಟೆ ತುಳಿದ ಮೇಲೆ ಅದೇ ಜಲಪಾತ ಪಕ್ಕಕ್ಕೆ ಬರುತ್ತದೆ, ಇನ್ನರ್ಧ ಗಂಟೆಗೆ ಕಾಲ ಕೆಳಗೆ. ಸುತ್ತಲೂ ಚಹಾ ಗಿಡ, ಕತ್ತರಿಸಿ ಸಮ ಮಾಡಿದ ತಲೆಗಳ ಹಾಗೆ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ತಮಿಳು ಹೆಂಗಸರು ಚಿವುಟುವುದನ್ನು ನಿಲ್ಲಿಸಿ ನಮ್ಮನ್ನು ನೋಡಿ ನಗುತ್ತಿದ್ದರು. ಒಬ್ಬಾಕೆ ಜೊತೆಗೆ ನಡೆಯುತ್ತ ಬಂದು ನನ್ನನ್ನೇ ದಾಟಿ ಹೋದಳು.

ಬಸ್ಸಿನಲ್ಲಿ ನಾವು ಒಂಬತ್ತು ಜನ. ಎಂಟು ಜನ ದಪ್ಪ ತೊಡೆಯವರು, ಮತ್ತು ಕೆರಿಯಪ್ಪ. ಅವನು ಮುಂದೆ ಇದ್ದು ಗಾಳಿಗೆ ಎದೆಕೊಡುತ್ತಿದ್ದ. ಅವನ ಹಿಂದೆ ನಾನು. ಪಿಯದಾಸ ಮಣಿಕಟ್ಟಿನ ಗಡಿಯಾರ ನೋಡುತ್ತ ಲೆಕ್ಕ ಹಾಕುತ್ತಿದ್ದ. ನನ್ನ ಕಣ್ಣು ಕತ್ತಲಿಡುತ್ತಿತ್ತು.

"ಕೆರಿಯಪ್ಪ, ಆಗಂಗಿಲ್ಲ ಮಾರಾಯ."

"ಮಾತಾಡಬ್ಯಾಡಿ. ನನ್ನ ಹಿಂದಿನ ಚಕ್ರ ನೋಡಿ. ಅದೊಂದನ್ನೇ ನೋಡಿ."

"ಎಷ್ಟು ದೂರ ಐತಿ?"

"ಟಪಾಲಿನ ಚೀಲ ಎಷ್ಟು ದೂರ ಅಂತ ಕೇಳತ್ತ? ಸುಮ್ಮನೆ ಬನ್ನಿ."

ತುದಿ ಮುಟ್ಟುವ ಹೊತ್ತಿಗೆ ಮಂಜು ಮುಸುಕಿತ್ತು. ಅಲ್ಲಿಂದ ನುವರ ಎಲಿಯಕ್ಕೆ ಕೆಲವೇ ಮೈಲಿ, ಅದೂ ಇಳಿಜಾರು. ಪಿಯದಾಸ ಗಡಿಯಾರ ನೋಡಿ, ಸಮಯ ಸಾಕು ಎಂದು ಹೆಬ್ಬೆರಳು ತೋರಿಸಿದ. ಆಗಲೇ ಮದರಾಸಿನ ಒಬ್ಬ ಸವಾರ ಕೂಗಿಕೊಂಡು ರಸ್ತೆಯ ಮೇಲೆ ಬಿದ್ದ. ಅವನ ಎರಡೂ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿದ್ದವು. ಎಲ್ಲರೂ ಇಳಿದರು. ಕೆರಿಯಪ್ಪ ಸೈಕಲ್ಲನ್ನು ಚಹಾ ಗಿಡಕ್ಕೆ ಒರಗಿಸಿ, ಕೂತು ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದ.

ನಾನು ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ನಿಂತೆ.

"ಕೆರಿಯಪ್ಪ, ಹೊತ್ತಾಗತೈತಿ. ಬಾ, ಹೋಗಾಣ."

"ಐದು ನಿಮಿಷ ತಡಿರಿ ಅಣ್ಣ. ಇವನನ್ನ ಹಿಂಗೇ ಬಿಟ್ಟು ಹೋಗದ?"

"ಗಡುವು ಮೀರತೈತಿ."

"ಒಟ್ಟಿಗೆ ಹೋದ್ರೆ ಬಿಡ್ತಾರೆ ಅಂತ ನೀವೇ ಹೇಳಿದ್ರಲ್ಲ."

ಅವನು ತಲೆಯೆತ್ತಲಿಲ್ಲ, ಕಾಲು ನೀವುತ್ತಲೇ ಇದ್ದ. ನಾನು ಪೆಡಲಿನ ಮೇಲೆ ಕಾಲಿಟ್ಟೆ. ಇಳಿಜಾರು ತಾನಾಗಿಯೇ ಎಳೆದುಕೊಂಡಿತು. ಹಿಂದಿನಿಂದ ಪಿಯದಾಸ ಏನೋ ಕೂಗಿದ. ಗಾಳಿಯಲ್ಲಿ ಕೇಳಲಿಲ್ಲ ಎನ್ನಬಹುದು. ಕೇಳಿತ್ತು, ನನ್ನ ಹೆಸರನ್ನೇ ಕೂಗಿದ್ದ. ಬ್ರೇಕು ಮುಟ್ಟದೆ ಇಳಿದೆ. ಇಷ್ಟರವರೆಗೆ ಮಾಡಿದ್ದು ಭಯದಿಂದ. ಇದಕ್ಕೆ ದೇವರು ಕ್ಷಮಿಸಬಹುದೇನೋ.

ನುವರ ಎಲಿಯ

ಆ ಊರು ಬೆಟ್ಟದ ಮೇಲೆ ಯಾರೋ ಇಂಗ್ಲೆಂಡಿನ ಒಂದು ತುಂಡನ್ನು ಮರೆತು ಹೋದ ಹಾಗಿದೆ. ಕೆಂಪು ಇಟ್ಟಿಗೆಯ ಅಂಚೆ ಕಚೇರಿ, ಹೊಗೆಗೂಡಿನ ಮನೆಗಳು, ಕುದುರೆ ಜೂಜಿನ ಬಯಲು. ಕಂಬಳಿ ಕೋಟು ತೊಟ್ಟವರು ಕೊಡೆ ಹಿಡಿದು ನಿಂತಿದ್ದರು. ಗಡುವಿಗೆ ಇನ್ನೂ ಅರ್ಧ ನಿಮಿಷ ಇರುವಾಗ ನಾನು ಗೆರೆ ದಾಟಿದೆ.

ತೀರ್ಪುಗಾರ ವಯಸ್ಸಾದ ದೊರೆ. ಕೈಯಲ್ಲಿ ಸ್ಟಾಪ್‌ವಾಚು. ಯಾರೋ ನನಗೆ ಕಂಬಳಿ ಹೊದಿಸುತ್ತಿದ್ದರು. ದೊರೆ ಬಾಗಿ ಮೆಲ್ಲಗೆ ಕೇಳಿದ:

"ಹಿಂದೆ ಇನ್ನೂ ಎಂಟು ಜನ ಇದ್ದಾರೆ. ದಾರಿಯಲ್ಲಿ ಅವರಿಗೆ ಏನಾದರೂ ತೊಂದರೆ ಆಗಿದೆಯೇ?"

ಒಂದು 'ಹೌದು' ಸಾಕಿತ್ತು. ಮದರಾಸಿನವನ ಕಾಲು ಹಿಡಿದುಕೊಂಡಿದೆ, ಅವನಿಗಾಗಿ ಎಲ್ಲರೂ ನಿಂತಿದ್ದಾರೆ ಎಂದಿದ್ದರೆ ಅವನು ಬರೆದುಕೊಂಡು ಕಾಯುತ್ತಿದ್ದ. ನಾನು ಉಸಿರು ಎಳೆದುಕೊಂಡೆ. ಆ ಒಂದು ಉಸಿರಿನಲ್ಲಿ ನಾನು ಯೋಚಿಸಿದ್ದು ಇಷ್ಟು: ಹಿಂದೆ ಇರುವವರಲ್ಲಿ ಏಳು ಜನ ಸ್ಪ್ರಿಂಟರುಗಳು, ಅವರಲ್ಲಿ ಪಿಯದಾಸನೂ ಒಬ್ಬ. ಅವರು ಇಲ್ಲದಿದ್ದರೆ ನಾಳೆ ಕಡಲ ದಂಡೆಯಲ್ಲಿ ನನ್ನನ್ನು ಹಿಡಿಯುವವರು ಯಾರು? ಎಂಟನೆಯವನು ಕೆರಿಯಪ್ಪ ಎಂಬುದೂ ನೆನಪಿಗೆ ಬಂತು. ಬಂದ ಮೇಲೂ ಹೇಳಿದೆ:

"ತೊಂದರೆ ಏನಿಲ್ಲ ಸಾರ್. ಮಾತಾಡಿಕೊಂಡು ನಿಧಾನ ಬರುತ್ತಿದ್ದಾರೆ."

ದೊರೆ ಥ್ಯಾಂಕ್ಯೂ ಎಂದ.

ಸುಮಾರು ಮೂರು ನಿಮಿಷಕ್ಕೆ ಅವರು ಬಂದರು. ಮದರಾಸಿನವನ ಬೆನ್ನಿಗೆ ಒಂದು ಕಡೆಯಿಂದ ಪಿಯದಾಸ, ಇನ್ನೊಂದು ಕಡೆಯಿಂದ ಕೆರಿಯಪ್ಪ ಕೈಯಿಟ್ಟು ತಳ್ಳಿಕೊಂಡು ಬರುತ್ತಿದ್ದರು. ದೊರೆ ಎಂಟೂ ಹೆಸರಿನ ಮೇಲೆ ಗೆರೆ ಎಳೆದ. ಪಿಯದಾಸ ವಾದಿಸಿದ. ದೊರೆ ನನ್ನ ಕಡೆ ಕೈ ತೋರಿಸಿ, ನಿಮ್ಮವನೇ ಹೇಳಿದ್ದಾನೆ ಎಂದ. ಕುಂಟುತ್ತಿದ್ದವನನ್ನು ಅವರು ಮುಂದಕ್ಕೆ ಕರೆತಂದು ತೋರಿಸಿದರು. ಬರೆದದ್ದು ಬರೆದಾಯಿತು, ತಡವಾದ ಮೇಲೆ ಎಲ್ಲರೂ ಕುಂಟುತ್ತಾರೆ ಎಂದ ದೊರೆ.

ಮಾಸ್ತರಿಗೆ ಇಂಗ್ಲಿಷ್ ಬರುತ್ತಿತ್ತು. ಅವರು ನನ್ನನ್ನು ನೋಡಿದರು, ಆಮೇಲೆ ಮಳೆಯನ್ನು ನೋಡಿದರು. "ಆದದ್ದು ಆಯಿತು. ನಾಳೆ ಗೆಲ್ಲು" ಎಂದರು.

ಕೆರಿಯಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತನ್ನ ಹೆಸರು ಹೋಯಿತೆಂದು ಮಾಸ್ತರು ಹೇಳಿದಾಗ, "ಅಣ್ಣ ಉಳದ್ರಲ್ಲ, ಬಂದ ಕೆಲಸ ಆತು" ಎಂದ. ಆಮೇಲೆ ಕೂತು ನನ್ನ ಸೈಕಲ್ಲಿನ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದ. ನಾನು ಕಂಬಳಿ ಹೊದ್ದು ನೋಡುತ್ತ ಕೂತಿದ್ದೆ.

ಮತ್ತೆ ಕೊಲಂಬೊ

ಮಾರನೆಯ ದಿನ ಬೆಟ್ಟ ಇಳಿದು ಬಂದೆವು. ಕೊನೆಯ ಇನ್ನೂರು ಗಜದಲ್ಲಿ ನನ್ನ ಜೊತೆ ಇದ್ದವರೆಲ್ಲ ಘಾಟಿ ಹತ್ತುವ ಕಡ್ಡಿ ಕಾಲಿನವರು. ಎದ್ದು ನಿಂತು ತುಳಿದೆ. ಮೂರು ಸೈಕಲ್ ಉದ್ದ ಮುಂದೆ ಬಂದು ಗೆದ್ದೆ. ಎತ್ತುಗಳ ನಡುವೆ ಓಡಿ ಗೆದ್ದ ಹೋರಿಗೆ ಹಾರ ಹಾಕಿದ ಹಾಗೆ ಕಪ್ಪು ಕೊಟ್ಟರು.

ಲಾರಿಯಲ್ಲಿ ಬಂದಿದ್ದ ಪಿಯದಾಸ ದಂಡೆಯಲ್ಲಿ ನಿಂತಿದ್ದ. ಅಲ್ಲಿಯ ಹಳದಿ ಎಳನೀರನ್ನು ಕೆತ್ತಿಸಿ ತಂದು ನನ್ನ ಕೈಗೆ ಕೊಟ್ಟ. ಬಯ್ಯುತ್ತಾನೆ ಎಂದುಕೊಂಡಿದ್ದೆ.

"ನೀನು ವೇಗದವನು. ನಾನೋ ನೀನೋ ಎಂದು ತಿಳಿಯುವ ಆಸೆ ಇತ್ತು. ಇನ್ನು ಇಬ್ಬರಿಗೂ ತಿಳಿಯುವುದಿಲ್ಲ" ಎಂದು ಹೇಳಿ ಹೊರಟುಹೋದ. ಆ ಎಳನೀರನ್ನು ಕುಡಿಯಲೂ ಆಗಲಿಲ್ಲ, ಜನರೆದುರು ಚೆಲ್ಲಲೂ ಆಗಲಿಲ್ಲ.

ವಾಪಸು ಹಡಗಿನಲ್ಲಿ ಕೆರಿಯಪ್ಪ ಒಂದೇ ಸಲ ಕೇಳಿದ.

"ಅಣ್ಣ, ಅವತ್ತು ಆ ದೊರೆ ನಿಮ್ಮ ಹತ್ರ ಏನೋ ಕೇಳಿದ್ನಂತೆ?"

"ಏನೋ ಕೇಳಿದ. ದಣಿವಾಗಿತ್ತು, ತಿಳೀಲಿಲ್ಲ."

"ಹೌದನ" ಎಂದ. ಮತ್ತೆ ಸಮುದ್ರದ ಕಡೆ ತಿರುಗಿದ.

ಶಿಕಾರಿಪುರ

ಬಸ್ಸು ನಿಲ್ಲುವಲ್ಲಿ ಊರೇ ನೆರೆದಿತ್ತು. ಹಾರ, ಓಲಗ, ಪೇಟ. ಅಪ್ಪ ಪುರಸಭೆಯ ಹಿರಿಯರ ಜೊತೆ ನಿಂತಿದ್ದರು. ಕೆರಿಯಪ್ಪ ಸೊರಬದ ಬಸ್ಸಿಗೆ ಕಾಯುತ್ತ, ಮೇಲಿಂದ ಇಳಿಸಿದ ತನ್ನ ಸೈಕಲ್ಲಿನ ಹಗ್ಗ ಬಿಚ್ಚುತ್ತಿದ್ದ. ಯಾರೋ ಹಿರಿಯರು ಕೇಳಿದರು:

"ಇವ್ರು ಸೊರಬದೋರು ಏನು ಗೆದ್ರೀ?"

ನಾನು ಹೇಳಿದ್ದು ಇದು. ಆ ದಿನ ಇದ್ದವರು ಒಬ್ಬಿಬ್ಬರು ಇನ್ನೂ ಇದ್ದಾರೆ, ಅವರಿಗೆ ನೆನಪಿರಬಹುದು.

"ಅವನೇನು ಗೆಲ್ತಾನ್ರಿ. ಘಾಟಿ ಹತ್ತಾಕೆ ಆಗಲಿಲ್ಲ, ಅರ್ಧಕ್ಕೆ ಕೈ ಬಿಟ್ಟ. ನಾನೊಬ್ಬನೇ ನಿಭಾಯಿಸಬೇಕಾತು."

ಎಲ್ಲರೂ ನಕ್ಕರು. ಕೆರಿಯಪ್ಪ ಹತ್ತು ಮಾರು ದೂರದಲ್ಲಿದ್ದ. ಹಗ್ಗವನ್ನು ಸುರುಳಿ ಸುತ್ತಿ ಹ್ಯಾಂಡಲಿಗೆ ಹಾಕಿ, ಬಸ್ಸಿಗೆ ಕಾಯದೆ ಸೈಕಲ್ ಹತ್ತಿ ಸೊರಬದ ದಾರಿ ಹಿಡಿದ.

ಆ ಮಾತು ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಚಂದ್ರಗುತ್ತಿಯ ಏರಿನಲ್ಲಿ ಟಪಾಲು ಚೀಲ ಹೊತ್ತು ಹೋಗುವಾಗ ಹೊಲದಲ್ಲಿದ್ದವರು, "ಏನಾ ಕೆರಿಯಪ್ಪ, ಇದಾದ್ರೂ ಹತ್ತುತ್ತಾ?" ಎಂದು ಕೇಳುತ್ತಿದ್ದರಂತೆ. ಅವನು ಮತ್ತೆ ಯಾವ ಪಂದ್ಯಕ್ಕೂ ಬರಲಿಲ್ಲ. ಕರೆಯಲು ನಾನೂ ಹೋಗಲಿಲ್ಲ. ಸೊರಬಕ್ಕೆ ಬಟ್ಟೆ ವ್ಯಾಪಾರಕ್ಕೆ ಹೋದಾಗಲೆಲ್ಲ ಅಂಚೆ ಕಚೇರಿಯ ಬೀದಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಸೊರಬ

ಕಳೆದ ಮಾಘದಲ್ಲಿ ಕೆರಿಯಪ್ಪ ತೀರಿಕೊಂಡ. ಹದಿನೈದು ದಿನ ಕಳೆದ ಮೇಲೆ ಅವನ ಮನೆಗೆ ಹೋದೆ. ಅವನ ಹೆಂಡತಿ ಗಿರಿಜಮ್ಮ ಹೊರಗೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು. ನನ್ನ ಹೆಸರು ಹೇಳಿದೆ. ಅವರು ಎದ್ದು ಚಾಪೆ ಹಾಸಿದರು.

"ಸಿಲೋನಿಗೆ ಕರ್ಕಂಡು ಹೋಗಿದ್ದೋರು ನೀವೇ ಅಲ್ಲನ? ಅಲ್ಲಿ ಹತ್ತಕ್ಕಾಗದೆ ಬಿದ್ದೆ ಅಂತ ಅವರೇ ಹೇಳ್ಕಂಡು ನಗೋರು. ಮಕ್ಕಳು ಈಗಲೂ ಆಡ್ಕಂತಾರೆ."

ಅವನು ಮನೆಯಲ್ಲೂ ಹೇಳಿರಲಿಲ್ಲ. ನಾನು ಹೊರಿಸಿದ್ದನ್ನು ತನ್ನ ಬಾಯಿಂದಲೇ ತನ್ನ ಮಕ್ಕಳಿಗೆ ಹೇಳಿ ನಗಿಸಿದ್ದ. ನನಗೆ ಚಾಪೆಯ ಮೇಲೆ ಕೂರಲಾಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಇಲ್ಲಿ ಬರೆದ ಕ್ರಮದಲ್ಲಲ್ಲ, ಹಿಂದುಮುಂದಾಗಿ. ಅವರು ಮೊರ ಪಕ್ಕಕ್ಕಿಟ್ಟು ಕೇಳಿದರು. ಕೊನೆಗೆ ಕೈಮುಗಿದು, ತಪ್ಪಾಯಿತು ತಾಯಿ ಎಂದೆ.

"ನನ್ನ ಹತ್ರ ಹೇಳಿದ್ರೆ ಏನು ಬಂತು?" ಎಂದರು ಅವರು. ದನಿ ಏರಿರಲಿಲ್ಲ. "ನಾನೇನು ಅವರನ್ನ ಆಡ್ಕಂಡಿರಲಿಲ್ಲ. ಬಸ್ಸಿನ ಹತ್ರ ಊರ ಮುಂದೆ ಅಂದ್ರಿ ಅಂತೀರಲ್ಲ. ಊರಿಗೇ ಹೇಳಿ."

ಕಾಫಿ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಅದಕ್ಕೆ ಇದನ್ನು ಬರೆದೆ. ಶಿಕಾರಿಪುರದವರೇ, ಸೊರಬದವರೇ, ಚಂದ್ರಗುತ್ತಿಯ ದಾರಿಯ ಹೊಲಗಳವರೇ, ಕೇಳಿ. ಅಂಚೆ ಪೇದೆ ಕೆರಿಯಪ್ಪ ರಂಬೊಡ ಘಾಟಿಯನ್ನು ಪೂರ್ತಿ ಹತ್ತಿದ. ನನ್ನನ್ನೂ ಹತ್ತಿಸಿದ. ತುದಿಯಲ್ಲಿ ಬಿದ್ದ ಪರದೇಶಿಯೊಬ್ಬನ ಕಾಲು ನೀವುತ್ತ ಕೂತದ್ದಕ್ಕೆ ಅವನಿಗೆ ತಡವಾಯಿತು. ಕೈ ಬಿಟ್ಟವನು ನಾನು, ವೀರಭದ್ರಪ್ಪ.